ಹಳೇ ಉಯಿಲು, ಹೊಸ ಸಂಸಾರ: ನಮ್ಮ ಮನೆಯ ಒಂದು ಪ್ರಕರಣ

2023ರ ಆಗಸ್ಟ್‌ನಲ್ಲಿ ಅಣ್ಣನಿಗೆ ಸ್ಟೆಂಟ್ ಹಾಕಿದರು. ಆ ರಾತ್ರಿ ಆಸ್ಪತ್ರೆಯಿಂದ ಅತ್ತಿಗೆ ಫೋನ್ ಮಾಡಿ, "ಇನ್ಶೂರೆನ್ಸ್ ಕಾರ್ಡು ಬೀರುವಿನ ಮೇಲಿನ ಅರೆಯಲ್ಲಿದೆಯಂತೆ, ಸ್ವಲ್ಪ ತಗೊಂಡು ಬರ್ತೀಯಾ?" ಎಂದರು. ಕಾರ್ಡು ಹುಡುಕುವಾಗ ದಾರ ಕಟ್ಟಿದ ಒಂದು ಹಸಿರು ಫೈಲು ಕೈಗೆ ಬಂತು. ಒಳಗೆ 2009ರಲ್ಲಿ ನೋಂದಣಿಯಾದ ಉಯಿಲು. "ನನ್ನ ಹೆಸರಿನಲ್ಲಿರುವ ಮತ್ತು ಮುಂದೆ ನನ್ನ ಹೆಸರಿಗೆ ಬರತಕ್ಕ ಸಕಲ ಸ್ವತ್ತುಗಳೂ ನನ್ನ ನಂತರ ನನ್ನ ಧರ್ಮಪತ್ನಿಗೆ ಸೇರತಕ್ಕದ್ದು" ಎಂದು ಬರೆದಿತ್ತು. ಪಕ್ಕದಲ್ಲೇ ಮೊದಲ ಅತ್ತಿಗೆಯ ಪೂರ್ತಿ ಹೆಸರು. ಕೆಳಗೆ ಸಾಕ್ಷಿಯ ಜಾಗದಲ್ಲಿ ಅಪ್ಪನ ಸಹಿ, ನೀಲಿ ಶಾಯಿಯಲ್ಲಿ.

ಅಣ್ಣ ಮತ್ತು ಮೊದಲ ಅತ್ತಿಗೆ ಬೇರೆಯಾಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಹೊರಗೆ ಕೂತಿದ್ದವರು ಎರಡನೇ ಅತ್ತಿಗೆ. ನಾನು ಫೈಲನ್ನು ಹಾಗೇ ಒಳಗಿಟ್ಟು ಕಾರ್ಡು ತೆಗೆದುಕೊಂಡು ಹೋದೆ. ಅವತ್ತು ಯಾರಿಗೂ ಏನೂ ಹೇಳಲಿಲ್ಲ.

ಅಣ್ಣ, ಅತ್ತಿಗೆ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳು ಬೇಡ. ಯಾರು ಯಾರು ಅಂತ ಮಾತ್ರ ಹೇಳಿಬಿಡುತ್ತೇನೆ. ನಮ್ಮ ಊರು ತಿಪಟೂರು ಕಡೆ. ಅಪ್ಪ 2011ರಲ್ಲಿ ತೀರಿಕೊಂಡರು, ಅಮ್ಮ ಇದ್ದಾರೆ. ಮಕ್ಕಳು ಅಣ್ಣ, ನಾನು, ಇಬ್ಬರೇ. ಅಣ್ಣ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯಲ್ಲಿದ್ದಾರೆ. 2014ರಲ್ಲಿ ಮೊದಲ ಅತ್ತಿಗೆಯೊಂದಿಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಯಿತು. ಅವರಿಗೊಬ್ಬಳು ಮಗಳು, 2004ರಲ್ಲಿ ಹುಟ್ಟಿದವಳು, ಮೈಸೂರಿನಲ್ಲಿ ತಾಯಿಯ ಜೊತೆ ಬೆಳೆದಳು. ಅವಳನ್ನು ದೊಡ್ಡವಳು ಅನ್ನುತ್ತೇನೆ. 2018ರಲ್ಲಿ ಅಣ್ಣ ಮತ್ತೆ ಮದುವೆಯಾದರು. ಈಗಿನ ಅತ್ತಿಗೆಗೆ ಮೊದಲ ಗಂಡ ತೀರಿಕೊಂಡಿದ್ದರು, ಒಂಬತ್ತು ವರ್ಷದ ಮಗಳಿದ್ದಳು. ಅವಳು ಚಿಕ್ಕವಳು. ಮದುವೆಯಾಗಿ ಒಂದು ವರ್ಷದೊಳಗೇ ಅಣ್ಣನನ್ನು ಅಪ್ಪ ಅನ್ನಲು ಶುರು ಮಾಡಿದಳು.

ಅಣ್ಣನ ಹೆಸರಿನಲ್ಲಿ ಬೆಂಗಳೂರಿನ 30-40 ಸೈಟಿನಲ್ಲಿ ಎರಡಂತಸ್ತಿನ ಮನೆ ಇದೆ. ಪಿಎಫ್, ಒಂದು ವಿಮೆ ಪಾಲಿಸಿ, ಸ್ವಲ್ಪ ಮ್ಯೂಚುವಲ್ ಫಂಡ್ ಇವೆ. ಊರಲ್ಲಿ ಮೂರು ಎಕರೆ ಇಪ್ಪತ್ತು ಗುಂಟೆ ತೆಂಗಿನ ತೋಟ. ಅದು ಪಿತ್ರಾರ್ಜಿತ. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು.

ಅಣ್ಣ ಚೇತರಿಸಿಕೊಂಡ ಮೇಲೆ ಫೈಲಿನ ವಿಷಯ ತೆಗೆದೆ. ಅವರು ಆರಾಮವಾಗಿ ಹೇಳಿದರು, "ಡೈವೋರ್ಸ್ ಆಯ್ತಲ್ಲ, ಆ ಉಯಿಲು ತಾನಾಗೇ ರದ್ದಾಗಿರುತ್ತೆ ಬಿಡು." ನನಗೂ ಹಾಗೇ ಅನ್ನಿಸಿತ್ತು. 2024ರ ಜನವರಿಯಲ್ಲಿ ವಕೀಲರ ಹತ್ತಿರ ಹೋದಾಗ ಗೊತ್ತಾಯಿತು, ಇಬ್ಬರದೂ ತಪ್ಪು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯಾದರೆ ಹಳೇ ಉಯಿಲು ಬಿದ್ದುಹೋಗುತ್ತದೆ ಎಂಬ ನಿಯಮವಿದೆ ನಿಜ. ಕ್ರೈಸ್ತರಿಗೆ ಅದು ಅನ್ವಯಿಸುತ್ತದೆ. ಹಿಂದೂಗಳಿಗೆ ಅನ್ವಯಿಸುವುದಿಲ್ಲ. ಹಿಂದೂ ಒಬ್ಬರು ಮರುಮದುವೆಯಾದರೂ ಹಳೇ ಉಯಿಲು ಉಳಿಯುತ್ತದೆ ಅಂತ ಕಾಯ್ದೆಯೇ ಹೇಳುತ್ತದೆ. ವಿಚ್ಛೇದನವಾದರೆ ರದ್ದು ಅಂತ ಎಲ್ಲೂ ಬರೆದಿಲ್ಲ. ಬರೆದವರೇ ಅದನ್ನು ರದ್ದು ಮಾಡಬೇಕು, ಇಲ್ಲ ಹೊಸದು ಬರೆಯಬೇಕು. ಆ ಆಗಸ್ಟ್ ರಾತ್ರಿ ಅಣ್ಣನಿಗೆ ಏನಾದರೂ ಆಗಿದ್ದರೆ, ಐಸಿಯು ಹೊರಗೆ ಕೂತಿದ್ದ ಅತ್ತಿಗೆ ತಾವಿರುವ ಮನೆಗಾಗಿಯೇ ಕೋರ್ಟಿಗೆ ಅಲೆಯಬೇಕಿತ್ತು. ಅದೂ ಇದರಲ್ಲಿ ಯಾವ ತಪ್ಪೂ ಇಲ್ಲದ ಮೊದಲ ಅತ್ತಿಗೆಯ ಎದುರು.

ವಕೀಲರು ಆಮೇಲೆ ನಾಮಿನಿಗಳ ಪಟ್ಟಿ ಕೇಳಿದರು. ವಿಮೆ ಬಾಂಡಿನಲ್ಲಿ ಮೊದಲ ಅತ್ತಿಗೆಯ ಹೆಸರು, "ಸಂಬಂಧ: ಹೆಂಡತಿ." ಮ್ಯೂಚುವಲ್ ಫಂಡಿನಲ್ಲಿ ಅಮ್ಮ. ಪಿಎಫ್‌ನಲ್ಲಿ ಯಾರಿದ್ದಾರೆ ಅಂತ ಅಣ್ಣನಿಗೇ ನೆನಪಿಲ್ಲ. ನಾಮಿನಿ ಎಂದರೆ ಹಣ ಇಸಿದುಕೊಳ್ಳುವವರು, ಅದರ ಒಡೆಯರಲ್ಲ. ವಿಮೆ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿತ್ತು. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಿತು, ನಾವು ವಕೀಲರ ಮುಂದೆ ಕೂತಾಗ ಆ ತೀರ್ಪು ಬಂದು ಒಂದು ತಿಂಗಳಾಗಿತ್ತು ಅಷ್ಟೇ. ವಿಮೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ಹಣ ಅವರದೇ ಅನ್ನುವಂತಾಗಿತ್ತು. ಅದರ ಮೇಲೂ ಜಗಳ ನಿಂತಿಲ್ಲ. ಮದುವೆಗೆ ಮುಂಚೆ ಅಮ್ಮನನ್ನು ನಾಮಿನಿ ಮಾಡಿ, ಮದುವೆಯಾಗಿ ಮಗುವಾದ ಮೇಲೂ ಬದಲಿಸದೆ ತೀರಿಕೊಂಡವರ ಒಂದು ಪ್ರಕರಣ ಕರ್ನಾಟಕ ಹೈಕೋರ್ಟ್ ಮುಂದೆ ಬಂದಿತ್ತು. ಅಮ್ಮ, ಹೆಂಡತಿ, ಮಗು ಮೂವರಿಗೂ ಪಾಲಿದೆ ಎಂದು 2025ರಲ್ಲಿ ತೀರ್ಪಾಯಿತು. ಒಂದು ಹೆಸರು ಬದಲಿಸಲು ಬೇಕಾದದ್ದು ಒಂದು ಅರ್ಜಿ. ಆ ಅರ್ಜಿ ಕೊಡದೆ ಇದ್ದದ್ದಕ್ಕೆ ಆ ಮನೆಯವರು ಹೈಕೋರ್ಟಿನವರೆಗೆ ಹೋಗಬೇಕಾಯಿತು, ನೋಡಿ.

"ಹಳೇ ಉಯಿಲು ಹರಿದು ಹಾಕಿ ಸುಮ್ನೆ ಬಿಟ್ಟರೆ ಆಗಲ್ವಾ? ಕಾನೂನು ಪ್ರಕಾರ ಯಾರಿಗೆ ಬರಬೇಕೋ ಬರಲಿ" ಎಂದರು ಅಣ್ಣ. ವಕೀಲರು ಬಿಳಿ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದರು. ಆ ಹಾಳೆ ನನ್ನ ಹತ್ತಿರ ಇವತ್ತಿಗೂ ಇದೆ.

ಉಯಿಲಿಲ್ಲದೆ ಹಿಂದೂ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸಮನಾಗಿ ಹೋಗುತ್ತದೆ. ನಮ್ಮಲ್ಲಿ ಅವರು ಮೂವರು: ಅಮ್ಮ, ಈಗಿನ ಅತ್ತಿಗೆ, ದೊಡ್ಡವಳು. ಮನೆಯಲ್ಲಿ ತಲಾ ಮೂರನೇ ಒಂದು. ವಿಚ್ಛೇದಿತ ಹೆಂಡತಿಗೆ ಇಲ್ಲ. ಚಿಕ್ಕವಳಿಗೂ ಇಲ್ಲ. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ ಬರೆದಾಗ ಅಣ್ಣ ಮುಂದಕ್ಕೆ ಬಗ್ಗಿ ನೋಡಿದರು. ಮಲಮಕ್ಕಳು ಎಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದಿದ್ದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯ ಆ ಪಟ್ಟಿಯಲ್ಲಿ ಬರುವುದಿಲ್ಲ.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಅಮ್ಮನ ಪಾಲು ಅಮ್ಮನ ನಂತರ ಯಾರಿಗೆ? ಅರ್ಧ ನನಗೆ, ಅರ್ಧ ದೊಡ್ಡವಳಿಗೆ. ಅಂದರೆ ಅಣ್ಣ ದುಡಿದು ಕಟ್ಟಿದ ಮನೆಯಲ್ಲಿ ನಾನು ಕೇಳದೆಯೇ ನನಗೆ ಆರನೇ ಒಂದು ಪಾಲು. ಅತ್ತಿಗೆಯ ಮೂರನೇ ಒಂದು ಅವರ ನಂತರ ಚಿಕ್ಕವಳಿಗೆ ಹೋಗುತ್ತದೆ, ದೊಡ್ಡವಳಿಗೆ ಅದರಲ್ಲಿ ಏನೂ ಇಲ್ಲ. ಒಂದೇ ಮನೆ. ನಾನು, ದೊಡ್ಡವಳು, ಚಿಕ್ಕವಳು ಮೂವರೂ ಮಾಲೀಕರು. ಮಾರಬೇಕೆಂದರೆ ಮೂವರ ಸಹಿ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲದೆಯೇ ಒಂದು ವ್ಯಾಜ್ಯ ತಯಾರಾಗಿ ನಿಂತಿತ್ತು.

ಚಿಕ್ಕವಳನ್ನು ದತ್ತು ತೆಗೆದುಕೊಳ್ಳಬಹುದಲ್ವಾ ಅಂತ ನಾನು ಕೇಳಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಈಗಾಗಲೇ ಹೆಣ್ಣು ಮಗುವಿರುವವರು ಇನ್ನೊಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಅಣ್ಣನಿಗೆ ದೊಡ್ಡವಳಿದ್ದಾಳೆ. ಅಲ್ಲದೆ ದತ್ತು ಹೋಗುವ ಮಗುವಿಗೆ ಹದಿನೈದು ತುಂಬಿರಬಾರದು, ಚಿಕ್ಕವಳಿಗೆ ಆಗಲೇ ಹತ್ತಿರ ಬಂದಿತ್ತು. ಬಾಲನ್ಯಾಯ ಕಾಯ್ದೆಯ ಮೂಲಕ ಮಲತಂದೆ ದತ್ತು ಪಡೆಯುವ ಇನ್ನೊಂದು ದಾರಿ ಇದೆ. ಅದನ್ನು ಅತ್ತಿಗೆ ಬೇಡವೆಂದರು. "ಅವಳ ಹೆಸರಿನ ಹಿಂದಿರೋ ಇನಿಷಿಯಲ್ ಅವಳಪ್ಪಂದು. ಅದೊಂದು ಇರಲಿ." ಅಣ್ಣ ಮತ್ತೆ ಆ ಮಾತೆತ್ತಲಿಲ್ಲ. ಹಾಗಾಗಿ ಚಿಕ್ಕವಳಿಗೆ ಏನಾದರೂ ಸಿಗಬೇಕೆಂದರೆ ಉಳಿದದ್ದು ಉಯಿಲು ಒಂದೇ.

ಇಲ್ಲಿ ಒಂದು ಮಾತು ಹೇಳಲೇಬೇಕು. 2014ರಲ್ಲಿ ಅಣ್ಣ ಕೋರ್ಟಿಗೆ ಹೋದಾಗ ಊರಿನ ಹಿರಿಯರೊಬ್ಬರು, "ಛಾಪಾ ಕಾಗದದಲ್ಲಿ ಬಿಡುಗಡೆ ಪತ್ರ ಬರೆಸಿ, ನಾಲ್ಕು ಜನದ ಸಹಿ ಹಾಕಿಸಿದರೆ ಸಾಕಲ್ಲ, ಕೋರ್ಟ್ ಯಾಕೆ" ಎಂದಿದ್ದರು. ಆಗ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಆರು ತಿಂಗಳು ಕಾಯಲೇಬೇಕಿತ್ತು. ಸಂದರ್ಭ ನೋಡಿ ಆ ಅವಧಿ ಬಿಟ್ಟುಬಿಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅಣ್ಣ ಕಾದರು. ಅದು ಅವರು ಮಾಡಿದ ದೊಡ್ಡ ಒಳ್ಳೆಯ ಕೆಲಸ. ಜಾತಿಯ ರೂಢಿಯಲ್ಲಿ ಅಂಥ ಬಿಡುಗಡೆ ನಡೆದುಬಂದಿದೆ ಎಂದು ಸಾಬೀತು ಮಾಡಲಾಗದಿದ್ದರೆ ಬಿಡುಗಡೆ ಪತ್ರಕ್ಕೆ ಬೆಲೆಯಿಲ್ಲ. ಆಗ ಎರಡನೇ ಮದುವೆಯೇ ಅಸಿಂಧು. ಎರಡನೇ ಹೆಂಡತಿಗೆ ವಾರಸು ಹಕ್ಕೇ ಇಲ್ಲ. ಅಂಥ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆಯ ಭಾಗಕ್ಕೆ ಬರುವುದರಲ್ಲಿ ಹಕ್ಕಿದೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹೋದದ್ದೂ ನಮ್ಮ ಕರ್ನಾಟಕದಿಂದಲೇ. ಮಕ್ಕಳಿಗೆ ಅಷ್ಟಾದರೂ ಸಿಕ್ಕಿತು, ತಾಯಿಗೆ ಇಲ್ಲ. ಆ ಕಾಗದವನ್ನು ನಂಬಿ ಮದುವೆಯಾಗುವ ಹೆಂಗಸರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ತೋಟದ ಕಥೆ ಬೇರೆ. 2014ರ ರಾಜಿ ಪತ್ರದಲ್ಲಿ "ನನಗಾಗಲಿ ನನ್ನ ಮಗಳಿಗಾಗಲಿ ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ" ಎಂಬ ಸಾಲಿತ್ತು. ಇಷ್ಟು ವರ್ಷವೂ ಅಣ್ಣ ಆ ಸಾಲನ್ನು ನಂಬಿಕೊಂಡಿದ್ದರು. ವಕೀಲರು ಅದರ ಮೇಲೆ ಬೆರಳಿಟ್ಟು, "ಹತ್ತು ವರ್ಷದ ಮಗುವಿನ ಹಕ್ಕನ್ನು ಅಮ್ಮ ಹೀಗೆ ಬಿಟ್ಟುಕೊಡೋಕಾಗಲ್ಲ" ಎಂದರು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು. ತಂದೆ ಯಾವಾಗ ತೀರಿಕೊಂಡರು ಎನ್ನುವುದು ಮುಖ್ಯವಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಹಾಗಾಗಿ ನನಗೂ ಪಾಲಿತ್ತು, ದೊಡ್ಡವಳಿಗೂ ಇತ್ತು. ಅಣ್ಣ ಉಯಿಲಿನಲ್ಲಿ ಕೊಡಬಹುದಾದದ್ದು ತಮ್ಮ ಭಾಗವನ್ನು ಮಾತ್ರ.

ವಂಶವೃಕ್ಷ ಮಾಡಿಸಲು ಹೋದಾಗ ಇದರ ಬಿಸಿ ತಟ್ಟಿತು. ಅಲ್ಲಿ ತಯಾರಾದ ಮೊದಲ ಕರಡಿನಲ್ಲಿ ಅಣ್ಣನ ಹೆಸರಿನ ಕೆಳಗೆ ಈಗಿನ ಅತ್ತಿಗೆ, ಚಿಕ್ಕವಳು ಇದ್ದರು. ದೊಡ್ಡವಳು ಇರಲೇ ಇಲ್ಲ. ರೇಷನ್ ಕಾರ್ಡ್ ನೋಡಿ ಬರೆದಿದ್ದರು. ಸುಮ್ಮನೆ ಸಹಿ ಹಾಕಿಬಂದಿದ್ದರೆ ಅಣ್ಣನ ಸ್ವಂತ ಮಗಳು ಸರ್ಕಾರಿ ದಾಖಲೆಯಲ್ಲಿ ಹುಟ್ಟೇ ಇಲ್ಲ. ವಿಚ್ಛೇದನದ ಡಿಕ್ರಿಯ ದೃಢೀಕೃತ ನಕಲು, ದೊಡ್ಡವಳ ಜನನ ಪ್ರಮಾಣಪತ್ರ, ಅಮ್ಮನ ಅಫಿಡವಿಟ್ ಕೊಟ್ಟು ಸರಿಪಡಿಸಲು ಮೂರು ಸಲ ಓಡಾಡಿದೆ.

ಶಿವರಾತ್ರಿ ರಜೆಗೆ ಎಲ್ಲರೂ ಊರಲ್ಲಿ ಸೇರಿದೆವು. ದೊಡ್ಡವಳೂ ಬಂದಳು. ಅದಕ್ಕೆ ಮುಂಚೆ ನಾನು ಮೊದಲ ಅತ್ತಿಗೆಗೆ ಫೋನ್ ಮಾಡಿದ್ದೆ. ಈಗಲೂ ನಾನು ಅವರನ್ನು ಅತ್ತಿಗೆ ಅಂತಲೇ ಕರೆಯುವುದು. "ನಂಗೇನೂ ಬೇಡ ಕಣೆ. ಅವಳದು ಅವಳಿಗೆ ಸಿಗಲಿ, ಅಷ್ಟೇ" ಎಂದಿದ್ದರು. ಆ ಫೋನ್ ಮಾಡದೆ ದೊಡ್ಡವಳನ್ನು ನೇರವಾಗಿ ಕರೆಸಿದ್ದರೆ ಅವಳು ಬರುತ್ತಿರಲಿಲ್ಲವೇನೋ.

ಜಗಲಿ ಮೇಲೆ ಕೂತು ಅಣ್ಣ ತಮ್ಮ ಯೋಚನೆ ಹೇಳಿದರು. ಮನೆಯ ಅರ್ಧ ಅತ್ತಿಗೆಗೆ, ಉಳಿದ ಅರ್ಧ ಇಬ್ಬರು ಹುಡುಗಿಯರಿಗೆ ಸಮನಾಗಿ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡವಳು ಕೇಳಿದಳು, "ಅಪ್ಪಾ, ಆ ಮನೆ ಕಟ್ಟುವಾಗ ಅಮ್ಮನ ನಾಲ್ಕು ಬಳೆ, ಅವಲಕ್ಕಿ ಸರ ಅಡ ಇಟ್ಟಿದ್ರಂತೆ. ಬಿಡಿಸಲೇ ಇಲ್ಲವಂತೆ. ಅದು ಯಾವ ಲೆಕ್ಕಕ್ಕೆ ಬಂತು?"

ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಮುಖ ಆ ಕಡೆ ತಿರುಗಿಸಿದರು. ಅಣ್ಣ ತಲೆ ತಗ್ಗಿಸಿ ಜಗಲಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತರು. ಹೆಂಡತಿಯ ಒಡವೆ ಸ್ತ್ರೀಧನ, ಪೂರ್ತಿ ಅವಳದೇ. ಗಂಡ ಕಷ್ಟಕ್ಕೆ ಬಳಸಿಕೊಂಡರೂ ಹಿಂದಿರುಗಿಸಬೇಕು. 2014ರ ಲೆಕ್ಕದಲ್ಲಿ ಒಟ್ಟಿಗೆ ಇಷ್ಟು ಹಣ ಅಂತ ಕೊಟ್ಟು ಮುಗಿಸಿದ್ದರು, ಒಡವೆಯ ಮಾತು ಎಲ್ಲೂ ಇರಲಿಲ್ಲ.

ಆ ಮೌನ ಮುರಿದದ್ದು ಈಗಿನ ಅತ್ತಿಗೆ. "ಮೇಲಿನ ಮಹಡಿ ಪೂರ್ತಿ ಅವಳ ಹೆಸರಿಗೇ ಬರೀರಿ. ಕೆಳಗಡೆ ನನಗೆ ಸಾಕು." ಅಣ್ಣ ಚಿಕ್ಕವಳ ಕಡೆ ನೋಡಿದರು. "ಅವಳದನ್ನ ಬೇರೆ ಕಡೆಯಿಂದ ಮಾಡೋಣ" ಎಂದರು ಅತ್ತಿಗೆ. ಆ ಸಂಜೆಯ ದೊಡ್ಡ ತೀರ್ಮಾನ ಆದದ್ದು ಅಷ್ಟೇ ಮಾತಿನಲ್ಲಿ. ದೊಡ್ಡವಳು ಅದುವರೆಗೂ ಅವರನ್ನು ಮುಖ ನೋಡಿ ಮಾತಾಡಿಸಿರಲಿಲ್ಲ. ಆಮೇಲೆ ಕಾಫಿ ಲೋಟ ತೊಳೆಯಲು ಅವರ ಹಿಂದೆಯೇ ಹಿತ್ತಲಿಗೆ ಹೋದಳು.

ಅಣ್ಣನಿಗೆ ತೋಟದ ತಮ್ಮ ಭಾಗದಲ್ಲಿ ಸ್ವಲ್ಪವಾದರೂ ಚಿಕ್ಕವಳಿಗೆ ಕೊಡುವ ಆಸೆಯಿತ್ತು. ಅಮ್ಮ ಒಪ್ಪಲಿಲ್ಲ. "ಮಗು ಮೇಲೆ ನಂಗೇನೂ ಬೇಜಾರಿಲ್ಲ ಕಣೋ. ಆದ್ರೆ ನಿಮ್ಮಪ್ಪ ನೀರು ಹೊತ್ತು ಹಾಕಿದ ಗಿಡ ಬೇರೆ ಮನೆಗೆ ಹೋಗೋದು ಬೇಡ." ಎಷ್ಟು ಹೇಳಿದರೂ ಕೇಳಲಿಲ್ಲ. ಅಣ್ಣ ಬಿಟ್ಟುಕೊಟ್ಟರು. ನನಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ಅಮ್ಮನಿಗೆ ಎಪ್ಪತ್ತೆಂಟು ವರ್ಷ, ಆ ತೋಟದಲ್ಲೇ ಬದುಕು ಸವೆಸಿದವರು. ಅದಕ್ಕೇ ಮೇಲೆ ಬಿದ್ದು ವಾದ ಮಾಡಲಿಲ್ಲ.

ತೋಟಕ್ಕೆ ವಿಭಾಗ ಪತ್ರ ಮಾಡಿಕೊಂಡೆವು. ಅಮ್ಮನಿಗೆ ಇಪ್ಪತ್ತು ಗುಂಟೆ, ಅಣ್ಣ, ನಾನು, ದೊಡ್ಡವಳು ತಲಾ ನಲವತ್ತು. ಒಂದೇ ಸರ್ವೆ ನಂಬರನ್ನು ಭಾಗ ಮಾಡುವುದರಿಂದ 11ಇ ನಕ್ಷೆ, ಅಂದರೆ ಯಾರ ಭಾಗ ಎಲ್ಲಿ ಬರುತ್ತದೆ ಎಂದು ಅಳೆದು ತೋರಿಸುವ ಸರ್ವೆ ನಕ್ಷೆ, ಬೇಕಿತ್ತು. ಸರ್ವೇಯರ್‌ಗೆ ಕಾದದ್ದೇ ಜಾಸ್ತಿ. ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿ. ಅಣ್ಣ ನನ್ನನ್ನು ಹಾಗೆ ಕೇಳಲಿಲ್ಲ, ನಾನೂ ಬಿಟ್ಟುಕೊಡಲಿಲ್ಲ. ನನ್ನ ಪಾಲು ನನ್ನ ಹೆಸರಿನಲ್ಲಿರಲಿ ಅಂತ ನಾನು ತೆಗೆದುಕೊಂಡಿದ್ದಕ್ಕೆ ದೊಡ್ಡವಳಿಗೂ ತೆಗೆದುಕೊಳ್ಳುವ ಧೈರ್ಯ ಬಂತು ಅಂತ ಅಂದುಕೊಂಡಿದ್ದೇನೆ.

ಮನೆಯ ವಿಷಯದಲ್ಲಿ ಅಣ್ಣನ ತಲೆಯಲ್ಲಿ ಇನ್ನೊಂದು ಯೋಚನೆಯಿತ್ತು. ಕೆಳಮನೆಯಲ್ಲಿ ಅತ್ತಿಗೆ ಬದುಕಿರುವವರೆಗೆ ಇರಲಿ, ಆಮೇಲೆ ಮಕ್ಕಳಿಗೆ ಹೋಗಲಿ. ಕೇಳಲು ಸರಳ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಇದೆ. ಹೆಂಡತಿಗೆ ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟ ಆಸ್ತಿಗೆ ಅವಳು ಪೂರ್ತಿ ಒಡತಿಯಾಗುತ್ತಾಳೆ ಎಂದು 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಯಿಲಿನಲ್ಲಿ "ಜೀವನಪರ್ಯಂತ ಮಾತ್ರ" ಎಂದು ಬರೆದಿದ್ದರೆ ಏನಾಗುತ್ತದೆ ಎಂಬುದರ ಮೇಲೆ ಆಮೇಲೆ ಬಂದ ತೀರ್ಪುಗಳು ಒಂದೇ ದಿಕ್ಕಿನಲ್ಲಿಲ್ಲ. ನಮ್ಮ ಕೆಲಸ ಮುಗಿದ ಮೇಲೆ, 2024ರ ಡಿಸೆಂಬರ್‌ನಲ್ಲಿ, ಕೋರ್ಟ್ ಈ ಗೊಂದಲವನ್ನೇ ದೊಡ್ಡ ಪೀಠಕ್ಕೆ ಒಪ್ಪಿಸಿತು. ವಕೀಲರ ಸಲಹೆ ನೇರವಾಗಿತ್ತು: "ಕೊಡೋದಾದ್ರೆ ಪೂರ್ತಿ ಕೊಡಿ." ಕೆಳಮನೆ ಅತ್ತಿಗೆಗೆ ಪೂರ್ತಿ, ಮೇಲಿನದು ದೊಡ್ಡವಳಿಗೆ ಪೂರ್ತಿ. ಪಿಎಫ್ ಅತ್ತಿಗೆಗೆ. ಮ್ಯೂಚುವಲ್ ಫಂಡ್ ಮತ್ತು ವಿಮೆ ಹಣ ಚಿಕ್ಕವಳಿಗೆ, ಅವಳ ಹೆಸರು ಹೇಳಿ. ಅಣ್ಣನ ನಲವತ್ತು ಗುಂಟೆ ದೊಡ್ಡವಳಿಗೆ. ನಾಮಿನಿಗಳನ್ನೂ ಇದಕ್ಕೆ ಸರಿಹೊಂದುವಂತೆ ಅದೇ ತಿಂಗಳು ಬದಲಿಸಿದೆವು.

ಈಗಲೇ ದಾನಪತ್ರ ಮಾಡಿ ಕೊಟ್ಟುಬಿಡುವ ಮಾತೂ ಬಂತು. ಬೇಡ ಎಂದದ್ದು ಅತ್ತಿಗೆ. ದಾನಪತ್ರ ಮಾಡಿದ ಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ. ಉಯಿಲನ್ನು ಬದುಕಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ನಾಳೆ ಬೈಪಾಸ್ ಅಂದರೆ ಮೇಲಿನ ಮಹಡಿ ಮೇಲೆ ಸಾಲ ಬೇಕಾದೀತು. "ಮೊದಲು ನೀವು ಇರೋವರೆಗಿನ ಲೆಕ್ಕ ಹಾಕ್ಕೊಳ್ಳಿ" ಎಂದರು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ನಾವು ನೋಂದಣಿ ಮಾಡಿಸಿದೆವು. ಹೃದಯದ ತೊಂದರೆ ಆಗಿದ್ದರಿಂದ, ಬುದ್ಧಿ ಸ್ವಸ್ಥವಾಗಿದೆ ಎಂದು ಡಾಕ್ಟರಿಂದ ಬರೆಸಿಕೊಂಡೆವು. ಸಾಕ್ಷಿಗಳು ಅಣ್ಣನಿಗಿಂತ ಚಿಕ್ಕವರು, ಆಸ್ತಿಗೆ ಸಂಬಂಧವಿಲ್ಲದ ಇಬ್ಬರು ಸಹೋದ್ಯೋಗಿಗಳು. 2009ರ ಉಯಿಲನ್ನು ತಾರೀಖು, ನೋಂದಣಿ ನಂಬರ್ ಸಮೇತ ರದ್ದು ಮಾಡಿದೆ ಎಂದು ಮೊದಲ ಪುಟದಲ್ಲೇ ಬಂತು. ಬರೆಸುವ ದಿನ ಅತ್ತಿಗೆ ಬರಬಾರದು ಎಂದು ವಕೀಲರು ಮೊದಲೇ ಹೇಳಿದ್ದರು. ಉಯಿಲಿನಿಂದ ಹೆಚ್ಚು ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದರೆ ಅನುಮಾನ ಏಳುತ್ತದೆ, ಆ ಅನುಮಾನ ಕಳೆಯುವ ಹೊಣೆ ಅವರದೇ. 1959ರ ತಿಮ್ಮಜಮ್ಮ ಪ್ರಕರಣದಿಂದ ಇದು ನಿಂತ ಮಾತು. ದೇಶದ ಕೋರ್ಟುಗಳೆಲ್ಲ ಇಂದಿಗೂ ನೆನೆಯುವ ಆ ತೀರ್ಪು ನಮ್ಮ ಮೈಸೂರು ಸೀಮೆಯ ಒಂದು ಉಯಿಲಿನದು.

ಕರಡು ಓದುವಾಗ ಒಂದು ಪದದ ಹತ್ತಿರ ಅಣ್ಣ ನಿಂತರು. ಚಿಕ್ಕವಳ ಹೆಸರಿನ ಮುಂದೆ "ಮಲಮಗಳು" ಎಂದು ಟೈಪಾಗಿತ್ತು. "ಇದನ್ನ ತೆಗೀರಿ ಸಾರ್. ಮಗಳು ಅಂತ ಹಾಕಿ." ವಕೀಲರು ಒಪ್ಪಲಿಲ್ಲ. ಬರೀ ಮಗಳು ಅಂತಿದ್ದರೆ, ನಾಳೆ ಯಾರಾದರೂ ಜನನ ಪ್ರಮಾಣಪತ್ರ ತೆಗೆದು, ಇಂಥ ಮಗಳೇ ಇವರಿಗಿಲ್ಲ ಎಂದು ತಕರಾರು ಎತ್ತಬಹುದು. ಕೊನೆಗೆ ಇಬ್ಬರೂ ಕೂತು ಬರೆದ ಸಾಲು ಹೀಗಿದೆ: "ನನ್ನ ಹೆಂಡತಿಗೆ ಅವರ ಮೊದಲ ಮದುವೆಯಿಂದ ಜನಿಸಿದವಳೂ 2018ರಿಂದ ನಾನು ಸಾಕಿ ಬೆಳೆಸಿದ ನನ್ನ ಮಗಳೂ ಆದ" ಎಂದು, ಆಮೇಲೆ ಅವಳ ಹೆಸರು, ಅವಳಪ್ಪನ ಇನಿಷಿಯಲ್ ಸಮೇತ.

ಒಂದು ಕೆಲಸ ಇನ್ನೂ ಬಾಕಿ ಇದೆ. ಹಾಸನದಲ್ಲಿ ಅತ್ತಿಗೆಯ ಮೊದಲ ಗಂಡನ ಒಂದು ಸೈಟಿದೆ. ಅವರ ತಾಯಿ ಮೊದಲೇ ತೀರಿಕೊಂಡಿದ್ದರಿಂದ ಅದು ಅರ್ಧ ಅತ್ತಿಗೆಗೆ, ಅರ್ಧ ಚಿಕ್ಕವಳಿಗೆ ಬಂದಿದೆ. ಮರುಮದುವೆಯಾದರೆ ಆ ಹಕ್ಕು ಹೋಯಿತು ಎಂದು ಆ ಕಡೆಯವರು ಹೇಳುತ್ತಿದ್ದರು, ಅತ್ತಿಗೆಯೂ ನಂಬಿದ್ದರು. ಹಾಗಿಲ್ಲ. ಒಮ್ಮೆ ಕೈಗೆ ಬಂದ ಆಸ್ತಿ ಮರುಮದುವೆಯಿಂದ ಹೋಗುವುದಿಲ್ಲ. ಆದರೆ ಅತ್ತಿಗೆ ಉಯಿಲು ಬರೆಯದೆ ಹೋದರೆ ಅವರ ಅರ್ಧದಲ್ಲಿ ಚಿಕ್ಕವಳ ಜೊತೆ ಅಣ್ಣನೂ ಪಾಲುದಾರ. ಸತ್ತ ಮನುಷ್ಯನ ಸೈಟಿನಲ್ಲಿ ತನಗೆ ಪಾಲು ಬರುವುದು ಅಣ್ಣನಿಗೆ ಇಷ್ಟವಿಲ್ಲ. ಮುಂದಿನ ತಿಂಗಳು ಅತ್ತಿಗೆ ತಮ್ಮ ಉಯಿಲು ಬರೆಸುತ್ತಾರೆ. ಆ ದಿನ ವಕೀಲರ ಆಫೀಸಿಗೆ ಅಣ್ಣ ಹೋಗುವಂತಿಲ್ಲ. ಜೊತೆಗೆ ನಾನು ಹೋಗುತ್ತಿದ್ದೇನೆ.